ಲೆಕ್ಕ ಕೇಳುವ ಊರುಗಳು

ಪುತ್ತೂರಿಗೆ ಬರುವುದಾದರೆ ಮಳೆ ಪೂರ್ತಿ ಬಿಟ್ಟ ಮೇಲೆ ಬನ್ನಿ. ಅಂಗಳಗಳಲ್ಲಿ ಅಡಿಕೆ ಒಣಗತೊಡಗಿದ ಮೇಲೆ ಈ ಸೀಮೆಯಲ್ಲಿ ಇನ್ನೊಂದು ಋತು ಆರಂಭವಾಗುತ್ತದೆ. ಅದರ ಸುದ್ದಿ ನಿಮಗೆ ಪಂಚಾಂಗದಲ್ಲಿ ಸಿಗದು, ರಸ್ತೆ ಬದಿಯ ಫ್ಲೆಕ್ಸುಗಳಲ್ಲಿ ಸಿಗುತ್ತದೆ. ಬೊಳುವಾರಿನಿಂದ ದರ್ಬೆಯವರೆಗೆ ನಡೆದುಕೊಂಡೇ ಹೋದರೆ ಸಾಕು. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’, ‘60 ಕೆ.ಜಿ. ವಿಭಾಗ’, ‘ಅಂಡರ್ ಆರ್ಮ್ ಕ್ರಿಕೆಟ್’ ಎಂದು ಕಂಬ ಕಂಬಕ್ಕೂ ಒಂದೊಂದು ಕರೆಯೋಲೆ. ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಇಷ್ಟು, ಜೊತೆಗೆ ಫಲಕ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಸಮಿತಿಯವರ ಹೆಸರು ಮತ್ತು ಮೊಬೈಲ್ ನಂಬರು.

ಆ ಕೆಳಗಿನ ಸಾಲನ್ನು ದಯವಿಟ್ಟು ಗಮನಿಸಿ. ಈ ಪ್ರಯಾಣದಲ್ಲಿ ಅದು ನಮಗೆ ಮತ್ತೆ ಬೇಕಾಗುತ್ತದೆ.

ಪುತ್ತೂರು ಹಳೆಯ ಪೇಟೆ. ‘ಹತ್ತೂರು ಕೊಟ್ಟರೂ ಪುತ್ತೂರು ಬಿಡೆವು’ ಎನ್ನುವ ಮಾತು ಇಲ್ಲಿಯವರ ಬಾಯಲ್ಲಿ ಈಗಲೂ ಇದೆ. ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು ಬಾಳಿದ ಮನೆ ಇದೆ, ಪೇಟೆಯ ನಡುವೆ ಕಿಲ್ಲೆ ಮೈದಾನ ಇದೆ, ಸ್ವಲ್ಪ ಆಚೆ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ. ಪ್ರವಾಸಿಗರಿಗೆ ಸಾಮಾನ್ಯವಾಗಿ ತೋರಿಸುವುದು ಇವನ್ನು. ಆದರೆ ಶನಿವಾರ ರಾತ್ರಿ ಹಳ್ಳಿಯ ಯಾವುದಾದರೊಂದು ಶಾಲಾ ಮೈದಾನಕ್ಕೆ ಹೋಗದೆ ನೀವು ಪುತ್ತೂರನ್ನು ನೋಡಿದಂತಾಗದು ಎಂಬುದು ನನ್ನ ಅಭಿಪ್ರಾಯ. ಒಂದು ಕಾಲದಲ್ಲಿ ಕಟಾವಾದ ಬಾಕಿಮಾರು ಗದ್ದೆಯಲ್ಲಿ ಮೈಗೆಲ್ಲ ಮಣ್ಣು ಮೆತ್ತಿಕೊಂಡು ಆಡುತ್ತಿದ್ದ ಕಬಡ್ಡಿ ಈಗ ಮ್ಯಾಟ್ ಮೇಲೆ ನಡೆಯುತ್ತದೆ. ನೋಡುವವರಿಗೆ ಕಬ್ಬಿಣದ ಗ್ಯಾಲರಿ, ಪಕ್ಕದಲ್ಲಿ ಚರುಂಬುರಿ, ಆಮ್ಲೆಟ್, ಬಿಸಿ ಚಾ. ಧ್ವನಿವರ್ಧಕದಲ್ಲಿ ಕನ್ನಡವೂ ತುಳುವೂ ಬೆರೆತ ವೀಕ್ಷಕ ವಿವರಣೆ. ಹೊದಿಕೆ ಹೊದ್ದ ಅಜ್ಜಂದಿರು, ತಾಯಿಯ ಮಡಿಲಲ್ಲೇ ನಿದ್ದೆ ಹೋದ ಮಕ್ಕಳು. ಫೈನಲ್ ಮುಗಿಯುವಾಗ ಮಸೀದಿಯಲ್ಲಿ ಸುಬಹಿಯ ಬಾಂಗ್ ಕೇಳಿದರೂ ಆಶ್ಚರ್ಯವಿಲ್ಲ.

ಈ ಪಂದ್ಯಾಟಗಳ ಹಿಂದೆ ಇರುವುದು ಒಂದು ರಶೀದಿ ಪುಸ್ತಕ. ಯುವಕ ಮಂಡಲದವರೋ ಫ್ರೆಂಡ್ಸ್ ಕ್ಲಬ್‌ನವರೋ ಅದನ್ನು ಹಿಡಿದು ಮನೆಮನೆಗೆ ಬರುತ್ತಾರೆ. ಅಡಿಕೆ ವ್ಯಾಪಾರಿ ಹೆಚ್ಚು ಕೊಡುತ್ತಾನೆ, ಬೀಡಿ ಕಟ್ಟುವ ಮನೆಯಾಕೆ ಐವತ್ತು ರೂಪಾಯಿ ಕೊಡುತ್ತಾಳೆ, ಗಲ್ಫ್‌ನಲ್ಲಿರುವ ಹುಡುಗ ಅಲ್ಲಿಂದಲೇ ಕಳಿಸುತ್ತಾನೆ. ಹೀಗೆ ಕೂಡಿಸಿದ ಹಣದಲ್ಲಿ ಜೆರ್ಸಿ, ಮ್ಯಾಟ್ ಬಾಡಿಗೆ, ಜನರೇಟರ್, ಬಹುಮಾನ. ತಂಡ ಸೋತು ಬಂದರೆ ಮರುದಿನ ಹಾಲಿನ ಡೈರಿಯಲ್ಲಿ ಸಿಕ್ಕಿದವರೆಲ್ಲ ಕೇಳುತ್ತಾರೆ: “ಅವನನ್ನು ಯಾಕೆ ಹೊರಗೆ ಕೂರಿಸಿದ್ದು ಮಾರಾಯ?” ಸಮಿತಿಯ ಅಧ್ಯಕ್ಷನಿಗೆ ಉತ್ತರ ಕೊಡದೆ ಬೇರೆ ದಾರಿಯಿಲ್ಲ. ಅವನೂ ಅದೇ ಡೈರಿಗೆ ಹಾಲು ತರುವವನು.

ಇಂಥ ಊರುಗಳ ಮನೆಗಳಿಗೆ 2014ರಲ್ಲಿ ಟಿ.ವಿ. ಮೂಲಕ ಪ್ರೊ ಕಬಡ್ಡಿ ಬಂತು. ನಮ್ಮ ಆಟಕ್ಕೆ ಬಣ್ಣದ ದೀಪ, ಸಿನಿಮಾ ತಾರೆಯರು, ರಾತ್ರಿ ಎಂಟು ಗಂಟೆಯ ಮರ್ಯಾದೆ ಎಲ್ಲವೂ ಒಟ್ಟಿಗೇ ಸಿಕ್ಕಿದವು. ಕ್ರಿಕೆಟ್ ಎಂದರೆ ಮೂಗು ಮುರಿಯುವ ಉಮ್ಮಂದಿರೂ ಕಬಡ್ಡಿಗೆ ಬಂದು ಕುಳಿತರು. ಅವರಿಗೆ ನಿಯಮ ಹೇಳಿಕೊಡಬೇಕಾಗಿರಲಿಲ್ಲ, ಶಾಲೆಯಲ್ಲಿ ತಾವೇ ಆಡಿದ ಆಟ. ಕರ್ನಾಟಕದ ಹೆಸರಿನಲ್ಲಿ ‘ಬೆಂಗಳೂರು ಬುಲ್ಸ್’ ಎಂಬ ತಂಡವಿತ್ತು. ಯಾರೂ ಹೇಳದೆಯೇ ಅದು ‘ನಮ್ಮ ಟೀಮು’ ಆಯಿತು.

ಹನ್ನೆರಡು ಋತುಗಳ ನಂತರ ಇಂದು ಪುತ್ತೂರಿನ ಕಬಡ್ಡಿ ಪ್ರೇಮಿಯೊಬ್ಬನ ಬಳಿ ಬುಲ್ಸ್ ಮಾತೆತ್ತಿ ನೋಡಿ. ಮೊದಲು ಒಂದು ನಿಟ್ಟುಸಿರು, ಆಮೇಲೆ ಅರ್ಧ ಗಂಟೆಯ ದೂರು.

ದೂರಿನಲ್ಲಿ ಹುರುಳಿದೆ. ತಂಡದ ಹೆಸರು ಬೆಂಗಳೂರಿನದಾದರೂ ಪಟ್ಟಿಯಲ್ಲಿದ್ದ ದೊಡ್ಡ ಹೆಸರುಗಳು ಹೆಚ್ಚಾಗಿ ಹರಿಯಾಣ, ದಿಲ್ಲಿ ಕಡೆಯವು. ಮೊದಲ ಹನ್ನೊಂದು ಋತುಗಳಿಗೂ ಕೋಚ್ ಆಗಿದ್ದವರು ರಣಧೀರ್ ಸಿಂಗ್ ಸೆಹ್ರಾವತ್. ಹಾಗೆಂದು ಕರಾವಳಿಯಲ್ಲಿ ಆಟಗಾರರು ಇರಲಿಲ್ಲವೇ? ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿದ್ದರು, ತಂಡ ಫೈನಲ್‌ವರೆಗೆ ಹೋಯಿತು. ಇದೇ ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರನ್ನು 2018ರ ಹರಾಜಿನಲ್ಲಿ ಉತ್ತರ ಪ್ರದೇಶದ ತಂಡ 79 ಲಕ್ಷ ರೂಪಾಯಿಗೆ ಕೊಂಡಿತು. ಮುಂದೆ ಅವರು ಪಟ್ನಾ ಪೈರೇಟ್ಸ್ ನಾಯಕರಾದರು. 2022ರ ಫೆಬ್ರವರಿ 25ರಂದು ಪಟ್ನಾ ತಂಡ ಫೈನಲ್‌ನಲ್ಲಿ ದಿಲ್ಲಿಯೆದುರು 36-37ರಲ್ಲಿ, ಒಂದೇ ಒಂದು ಅಂಕದಿಂದ ಸೋತಿತು. ಆ ಪಂದ್ಯ ನಡೆದದ್ದು ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ. ಕೊರೊನಾ ಕಾರಣ ಆ ಋತುವಿಡೀ ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಪುತ್ತೂರಿನವನೊಬ್ಬ ಬಿಹಾರದ ತಂಡ ಕಟ್ಟಿಕೊಂಡು ಬೆಂಗಳೂರಿನಲ್ಲಿ ಫೈನಲ್ ಆಡುತ್ತಿದ್ದರೆ ಪುತ್ತೂರಿನ ಜನ ಅದನ್ನು ಟಿ.ವಿ.ಯಲ್ಲಿ ನೋಡಿದರು. ಆ ರಾತ್ರಿ ಇಲ್ಲಿ ಬುಲ್ಸ್ ಯಾರಿಗೂ ನೆನಪಾಗಿರಲಾರದು.

ಬುಲ್ಸ್ ಕಪ್ ಗೆದ್ದಿಲ್ಲವೆಂದಲ್ಲ. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಗೆದ್ದಿತು. ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ತಮಾಷೆ ಏನೆಂದರೆ, ಆ ಋತುವಿನಲ್ಲಿ ಬುಲ್ಸ್ ತನ್ನ ‘ತವರಿನ ಪಂದ್ಯ’ಗಳನ್ನು ಆಡಿದ್ದು ಪುಣೆಯಲ್ಲಿ. ಅದರ ಹಿಂದಿನ ವರ್ಷ ನಾಗಪುರದಲ್ಲಿ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಸಿಗದ್ದಕ್ಕೆ ಮಾಲಕರನ್ನೊಬ್ಬರನ್ನೇ ದೂರುವಂತಿಲ್ಲ ಎಂಬುದೂ ನಿಜ. ಆದರೆ 2024 ಮತ್ತು 2025ರ ಋತುಗಳಲ್ಲಿಯೂ ಬೆಂಗಳೂರಿಗೆ ಒಂದೂ ಪಂದ್ಯ ಬರಲಿಲ್ಲ. ಒಮ್ಮೆ ಹೈದರಾಬಾದ್, ನೋಯ್ಡಾ, ಪುಣೆ. ಇನ್ನೊಮ್ಮೆ ವಿಶಾಖಪಟ್ಟಣ, ಜೈಪುರ, ಚೆನ್ನೈ, ದಿಲ್ಲಿ. ಲೀಗ್ ಅಲೆಮಾರಿ ಸರ್ಕಸ್ಸಿನಂತೆ ಊರಿಂದೂರಿಗೆ ಹೋಗುತ್ತದೆ. 2015ರಲ್ಲಿ ಲೀಗ್ ನಡೆಸುವ ಕಂಪೆನಿಯ ಶೇ. 74 ಪಾಲನ್ನು ಕೊಂಡದ್ದು ಟಿ.ವಿ. ಸಂಸ್ಥೆಯಾದ ಸ್ಟಾರ್ ಇಂಡಿಯಾ. ಪಂದ್ಯ ಮನೆಯ ಪರದೆಗೆ ಬಂದರೆ ಸಾಕು, ಮೈದಾನ ಯಾವ ಊರಿನದಾದರೇನು ಎಂಬುದು ಅಂಥವರ ಲೆಕ್ಕ ಇದ್ದೀತು.

ಪವನ್ ಕಥೆ ಕೇಳಿದರೆ ಇಲ್ಲಿಯವರು ಇನ್ನೂ ಕೊತಕೊತ ಕುದಿಯುತ್ತಾರೆ. ಕಪ್ ತಂದುಕೊಟ್ಟವರನ್ನು 2022ರಲ್ಲಿ ಬುಲ್ಸ್ ಉಳಿಸಿಕೊಳ್ಳಲಿಲ್ಲ. ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಆಗ ಇಡೀ ತಂಡಕ್ಕೆ ಖರ್ಚು ಮಾಡಲು ಇದ್ದ ಮಿತಿ 4.4 ಕೋಟಿ. ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಸುರಿದರೆ ಉಳಿದವರನ್ನು ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮರುವರ್ಷಗಳಲ್ಲಿ ಭರತ್ ಹೂಡಾ ಬೆಳೆದರು, 2024ರಲ್ಲಿ ಅವರೂ ಬೇರೆ ತಂಡಕ್ಕೆ ಹೋದರು. ಆ ಋತುವಿನಲ್ಲಿ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು. ಹಳ್ಳಿಯ ಕ್ಲಬ್ ಹೀಗೆ ಆಡಿದ್ದರೆ ಸಮಿತಿಯವರು ಒಂದು ವಾರ ಹಾಲಿನ ಡೈರಿಯ ದಾರಿ ಬಿಟ್ಟು ಸುತ್ತುದಾರಿ ಹಿಡಿಯಬೇಕಾಗಿತ್ತು. 2025ರಲ್ಲಿ ಕನ್ನಡಿಗರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಗಣೇಶ ಹನಮಂತಗೋಲನಂಥ ಕರ್ನಾಟಕದ ಹುಡುಗ ರೈಡಿಗೆ ಇಳಿದ. ಮೊದಲ ಪಂದ್ಯಗಳನ್ನು ಸೋತರೂ ತಂಡ ಚೇತರಿಸಿಕೊಂಡು ಪ್ಲೇಆಫ್‌ಗೆ ಬಂತು. ರಮೇಶ್ ಅದಕ್ಕೆ ಮೊದಲೇ 2019ರಲ್ಲಿ ಬಂಗಾಳದ ತಂಡಕ್ಕೂ 2024ರಲ್ಲಿ ಪುಣೆಗೂ ಕಪ್ ಗೆಲ್ಲಿಸಿಕೊಟ್ಟ ಕೋಚ್. ಬೆಂಗಳೂರಿನವರನ್ನು ಬೆಂಗಳೂರು ತಂಡಕ್ಕೆ ಮುಖ್ಯ ಕೋಚ್ ಮಾಡಲು ಹನ್ನೆರಡನೇ ಋತುವಿನ ತನಕ ಕಾಯಬೇಕಿತ್ತೇ ಎಂದು ಜನ ಕೇಳಿದರೆ ತಪ್ಪೇನು?

ಇನ್ನು ಕಡಬದ ಕಡೆ ಹೊರಡೋಣ. ದರ್ಬೆಯಿಂದ ಮುಕ್ವೆ ದಾಟಿ ಸವಣೂರು. ಅಲ್ಲಿಂದ ಕುದ್ಮಾರಿನ ದಾರಿ ಹಿಡಿದು ಶಾಂತಿಮೊಗರು ಸೇತುವೆಯಲ್ಲಿ ಕುಮಾರಧಾರೆಯನ್ನು ದಾಟಿದರೆ ಆಲಂಕಾರು, ಮುಂದೆ ಕಡಬ. ಸೇತುವೆಯ ಮೇಲೆ ಒಂದು ನಿಮಿಷ ನಿಲ್ಲಿ. ಬೇಸಿಗೆಯಲ್ಲಿ ನೀರು ಬಂಡೆಗಳ ನಡುವೆ ತಣ್ಣಗೆ ಹರಿಯುತ್ತಿರುತ್ತದೆ, ಮಳೆಗಾಲದಲ್ಲಿ ಇದೇ ನದಿಯನ್ನು ನೋಡಲು ಎದೆ ಗಟ್ಟಿ ಬೇಕು. ಪುತ್ತೂರು, ಸುಳ್ಯದ ಹಳ್ಳಿಗಳನ್ನು ಸೇರಿಸಿ ಮಾಡಿದ ಕಡಬ ತಾಲೂಕು ಇನ್ನೂ ಎಳೆಯದು. ಅಡಿಕೆಯ ಜೊತೆ ರಬ್ಬರು, ಕನ್ನಡದ ಜೊತೆ ತುಳು, ಬ್ಯಾರಿ, ಮಲಯಾಳ. ಪೇಟೆಯ ಒಂದೇ ಅಂಗಡಿಯ ಜಗಲಿಯಲ್ಲಿ ಈ ನಾಲ್ಕೂ ಭಾಷೆ ಕೇಳಿಸುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಬಂದರೆ ನಾಲ್ಕು ಭಾಷೆಯಲ್ಲೂ ಒಂದೇ ಬೈಗುಳ. ಅದು ಆರ್‌ಸಿಬಿಗೆ ಮೀಸಲು.

ರಾಯಲ್ ಚಾಲೆಂಜರ್ಸ್ ತಂಡವನ್ನು 2008ರಲ್ಲಿ ವಿಜಯ್ ಮಲ್ಯ ಅವರ ಕಂಪೆನಿ 11.16 ಕೋಟಿ ಡಾಲರ್ ಕೊಟ್ಟು ಕೊಂಡಿತು. ಹೆಸರು ಬಂದದ್ದು ಕಂಪೆನಿಯ ಮದ್ಯದ ಬ್ರಾಂಡಿನಿಂದ. ಮದ್ಯ ಮನೆಯೊಳಗೆ ಬರಬಾರದೆಂದು ಮಕ್ಕಳನ್ನು ಬೆಳೆಸಿದ ತಾಯಂದಿರು ಅದೇ ಹೆಸರಿನ ಕೆಂಪು ಅಂಗಿಯನ್ನು ಒಗೆದು ಒಣಹಾಕಿದ್ದಾರೆ. ಮಕ್ಕಳಿಗೆ ಅದು ಕೊಹ್ಲಿಯ ಅಂಗಿ, ಅಷ್ಟೆ. ಈ ಬಗ್ಗೆ ಮನೆಗಳಲ್ಲಿ ಜಗಳ ಆಗಿಲ್ಲವೆಂದು ಹೇಳಲಾರೆ. ಮೊದಲ ವರ್ಷವೇ ತಂಡ ಎಂಟರಲ್ಲಿ ಏಳನೆಯದಾಯಿತು. ಮಲ್ಯರು ಋತುವಿನ ನಡುವೆಯೇ ಮುಖ್ಯಾಧಿಕಾರಿ ಚಾರು ಶರ್ಮಾರನ್ನು ತೆಗೆದರು. ತಪ್ಪು ಆಟಗಾರರನ್ನು ಆರಿಸಿದ ಹೊಣೆಯನ್ನು ಶರ್ಮಾ ಮತ್ತು ನಾಯಕ ರಾಹುಲ್ ದ್ರಾವಿಡ್ ಮೇಲೆ ಬಹಿರಂಗವಾಗಿಯೇ ಹೊರಿಸಿದರು. ಇದೇ ಚಾರು ಶರ್ಮಾ ಮುಂದೆ ಆನಂದ್ ಮಹೀಂದ್ರಾ ಜೊತೆ ಸೇರಿ ಪ್ರೊ ಕಬಡ್ಡಿಯನ್ನು ಹುಟ್ಟುಹಾಕಿದವರು. ಪುತ್ತೂರಿನ ನಿಟ್ಟುಸಿರಿಗೂ ಕಡಬದ ಬೈಗುಳಕ್ಕೂ ಹೀಗೊಂದು ನೆಂಟಸ್ತಿಕೆ ಇದೆ!

ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. 2009, 2011, 2016ರಲ್ಲಿ ಫೈನಲ್ ಸೋಲು. 2017ರಲ್ಲಿ ಕೋಲ್ಕತ್ತ ಎದುರು 49ಕ್ಕೆ ಆಲೌಟ್. ಅದೆಲ್ಲವನ್ನೂ ಸಹಿಸಿಕೊಂಡ ಕರಾವಳಿಯವರಿಗೆ ಸಹಿಸಲಾಗದ್ದು ಕೆ.ಎಲ್. ರಾಹುಲ್ ವಿಷಯ. ಸುರತ್ಕಲ್‌ನಲ್ಲಿ ಬೆಳೆದ ಹುಡುಗ 2016ರಲ್ಲಿ ಈ ತಂಡಕ್ಕೆ 397 ರನ್ ಹೊಡೆದಿದ್ದರು. 2018ರ ಹರಾಜಿನಲ್ಲಿ ಪಂಜಾಬ್ 11 ಕೋಟಿಗೆ ಕೊಂಡುಹೋಯಿತು. 2024ರ ನವೆಂಬರ್‌ನಲ್ಲಿ ಜಿದ್ದಾದ ಹರಾಜಿಗೆ ರಾಹುಲ್ ಮತ್ತೆ ಬಂದಾಗ ಈ ಸಲ ಊರಿಗೆ ಬರುತ್ತಾರೆಂದು ಕಾದವರು ಎಷ್ಟೋ ಮಂದಿ. ದಿಲ್ಲಿ 14 ಕೋಟಿಗೆ ಕೊಂಡಿತು. ಅದೇ ದಿನಗಳಲ್ಲಿ ಆರ್‌ಸಿಬಿ ಹಿಂದಿಯಲ್ಲಿ ಜಾಲತಾಣ ಖಾತೆ ತೆರೆಯಿತು, ಸಿಟ್ಟು ಇಮ್ಮಡಿಯಾಯಿತು.

ಸೋತರೂ ಜನ ಬಿಡುವುದಿಲ್ಲ ಎಂಬ ಧೈರ್ಯ ಮಾಲಕರಿಗೆ ಎಲ್ಲಿಂದ ಬರುತ್ತದೆ? ಉತ್ತರ ಕಷ್ಟದ್ದೇನಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ, ಗೆದ್ದವರಿಗೂ ಕೊನೆಗೆ ನಿಂತವರಿಗೂ. ಕಡಬದ ಹುಡುಗ ರಬ್ಬರ್ ಟ್ಯಾಪಿಂಗ್ ಮಾಡಿ ಕೂಡಿಟ್ಟ ಹಣದಲ್ಲಿ ಅಂಗಿ ಕೊಳ್ಳದಿದ್ದರೆ ಆ ಕೋಟಿಗಳಲ್ಲಿ ಒಂದು ಕಾಸೂ ಕರಗದು. ರಶೀದಿ ಪುಸ್ತಕದ ಊರಿನವನಿಗೆ ಇದು ಅರ್ಥವಾಗುವುದು ಕಷ್ಟ. ಅವನ ಊರಲ್ಲಿ ಜನ ಮುನಿದರೆ ಮುಂದಿನ ವರ್ಷ ಪಂದ್ಯಾಟವೇ ಇಲ್ಲ.

2025ರ ಜೂನ್ 3ರಂದು ಆರ್‌ಸಿಬಿ ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ ಹದಿನೆಂಟನೇ ವರ್ಷದಲ್ಲಿ ಕಪ್ ಎತ್ತಿತು. ಆ ರಾತ್ರಿ ಈ ಹಳ್ಳಿಗಳಲ್ಲೂ ಪಟಾಕಿ ಸಿಡಿಯಿತು, ಮಳೆಯಲ್ಲೇ ಬೈಕುಗಳು ಓಡಿದವು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲು. ಹನ್ನೊಂದು ಮಂದಿ ಸತ್ತರು. ಶಾಲೆಗೆ ಹೋಗುವ ಬಾಲಕಿಯೂ ಅವರಲ್ಲಿದ್ದಳು. ಸುಮಾರು 35 ಸಾವಿರ ಮಂದಿ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಪೊಲೀಸರ ಅನುಮತಿ ಇಲ್ಲದೆಯೇ ತಂಡ ಜಾಲತಾಣದಲ್ಲಿ ವಿಜಯಯಾತ್ರೆಗೆ ಕರೆ ಕೊಟ್ಟಿತ್ತು. ಜನ ಸೇರಿದ್ದಕ್ಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಎಂದು ಕೇಂದ್ರೀಯ ಆಡಳಿತ ನ್ಯಾಯಮಂಡಳಿ ಜುಲೈ 1ರಂದು ಹೇಳಿತು. ಬಂದೋಬಸ್ತಿನ ಬಗ್ಗೆ ಸರಕಾರವೂ ಪೊಲೀಸರೂ ಉತ್ತರಿಸಬೇಕಾದದ್ದು ಬೇರೆಯೇ ಇದೆ. ತಂಡ ಪ್ರತಿ ಕುಟುಂಬಕ್ಕೆ ಮೊದಲು 10 ಲಕ್ಷ ಘೋಷಿಸಿ, ಆಗಸ್ಟ್ ಕೊನೆಗೆ 25 ಲಕ್ಷ ಎಂದಿತು. ನಡುವಿನ ಹೆಚ್ಚುಕಡಿಮೆ ಮೂರು ತಿಂಗಳು ಅದರ ಜಾಲತಾಣ ಖಾತೆಗಳು ಮೌನವಾಗಿದ್ದವು. ನವೆಂಬರ್‌ನಲ್ಲಿ ಮಾಲಕ ಸಂಸ್ಥೆ ತಂಡದಲ್ಲಿನ ತನ್ನ ಹೂಡಿಕೆಯನ್ನು ಪರಾಮರ್ಶೆ ಮಾಡುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿತು. ಅಂದರೆ ಮಾರುವ ಯೋಚನೆ. ಷೇರುದಾರರಿಗೆ ಹೇಳಬೇಕೆಂದು ಕಾನೂನಿದೆ. ಅಭಿಮಾನಿಗೆ ಹೇಳಬೇಕೆಂದು ಎಲ್ಲೂ ಬರೆದಿಲ್ಲ.

ಕಡಬ ತಾಲೂಕಿನ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿದೆ. ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ರೈಲು ಇಲ್ಲಿಂದಲೇ ಹಾದುಹೋಗುತ್ತದೆ. ಕೆಂಪು ಅಂಗಿ ತೊಟ್ಟು ಪಂದ್ಯ ನೋಡಲು ಹೊರಟ ಮಗನಿಗೆ ಬುತ್ತಿ ಕಟ್ಟಿಕೊಡುವ ತಾಯಿ ಆ ಜೂನ್‌ಗೆ ಮೊದಲು ಹೇಳುತ್ತಿದ್ದದ್ದು, “ಮೋನು, ರಾತ್ರಿ ಚಳಿ ಇರ್ತದೆ, ಸ್ವೆಟರ್ ತಗೊ” ಎಂದು. ಈಗ ಹೇಳುವ ಮಾತು ಬೇರೆ.

ಕಡಬದಿಂದ ಪಂಜ, ನಿಂತಿಕಲ್ಲು, ಬೆಳ್ಳಾರೆ ದಾರಿಯಾಗಿ ಸುಳ್ಯಕ್ಕೆ ಬನ್ನಿ. ರಸ್ತೆ ಏರಿಳಿಯುತ್ತಾ ತೋಟಗಳ ನಡುವೆ ನುಸುಳುತ್ತದೆ. ಸೋಣಂಗೇರಿ ದಾಟಿದರೆ ಪಯಸ್ವಿನಿಯ ದಡದ ಸುಳ್ಯ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಕಾಲೇಜುಗಳ ಊರು, ಅರೆಭಾಷೆಯ ಇಂಪಿನ ಊರು. ಇಲ್ಲಿ ಕಬಡ್ಡಿ, ಕ್ರಿಕೆಟ್ ಜೊತೆಗೆ ಫುಟ್‌ಬಾಲೂ ಇದೆ. ಪಕ್ಕದ ಜಾಲ್ಸೂರಿನಿಂದ ಮುಳ್ಳೇರಿಯ, ಚೆರ್ಕಳವಾಗಿ ಕಾಸರಗೋಡಿಗೆ ರಸ್ತೆ. ಗಡಿಯ ಆಚೆಯಿಂದ ಹಳದಿ ಅಂಗಿಯೂ ಈಚೆಗೆ ಬರುತ್ತದೆ. ಕೇರಳ ಬ್ಲಾಸ್ಟರ್ಸ್ 2014, 2016 ಮತ್ತು 2022ರಲ್ಲಿ ಮೂರು ಫೈನಲ್ ಸೋತ ತಂಡ. ಅದರ ಅಭಿಮಾನಿಗಳ ಕೂಟ ‘ಮಂಜಪ್ಪಡ’ 2024ರ ಕೊನೆಗೆ, ಕೋಚನ್ನು ತೆಗೆದುಹಾಕಿದ ಸಂದರ್ಭದಲ್ಲಿ, ಆಡಳಿತದ ವಿರುದ್ಧವೇ ಪ್ರತಿಭಟನೆಗೆ ಇಳಿಯಿತು. ಕೋಚ್ ತೆಗೆದರೆ ಸಾಲದು, ತಂಡ ಕಟ್ಟುವವರು ಉತ್ತರ ಹೇಳಲಿ ಎಂಬುದು ಅವರ ಮಾತು. ಗೊಣಗಾಟವನ್ನು ಸಂಘಟನೆ ಮಾಡುವುದರಲ್ಲಿ ಕೇರಳದವರು ನಮಗಿಂತ ಮುಂದು ಎಂದು ಒಪ್ಪಿಕೊಳ್ಳಲೇಬೇಕು.

ಹೊರದೇಶಗಳಲ್ಲೂ ಈ ಕಥೆ ಇದೆ. ಅಮೆರಿಕದ ಓಕ್ಲೆಂಡ್ ಎಂಬ ಊರಿನ ಬೇಸ್‌ಬಾಲ್ ತಂಡವನ್ನು ಮಾಲಕ ಜಾನ್ ಫಿಶರ್ ಲಾಸ್ ವೇಗಸ್‌ಗೆ ಒಯ್ಯಲು ಹೊರಟರು. ಒಳ್ಳೆಯ ಆಟಗಾರರನ್ನು ಅದಕ್ಕೆ ಮೊದಲೇ ಬೇರೆಡೆಗೆ ಕಳಿಸಿ ತಂಡ ಸೊರಗಿತ್ತು, ಮೈದಾನ ಖಾಲಿ ಹೊಡೆಯುತ್ತಿತ್ತು. ಜನ ಬರುವುದಿಲ್ಲವಲ್ಲ ಎಂಬ ಮಾತಿಗೆ 2023ರ ಜೂನ್ 13ರಂದು ಅಭಿಮಾನಿಗಳು ಉತ್ತರ ಕೊಟ್ಟರು. ಬಹಿಷ್ಕಾರದ ಬದಲು ತುಂಬಿ ಬಂದರು, 27,759 ಮಂದಿ. ಹಸಿರು ಅಂಗಿಯ ಮೇಲೆ ಮಾಲಕರಿಗೆ ಒಂದೇ ಮಾತು: ‘ಮಾರಿ’. ಆ ದಿನ ತಂಡ ಗೆದ್ದಿತು. ಮಾಲಕರು ಮಾರಲಿಲ್ಲ. 2024ರ ಸೆಪ್ಟೆಂಬರ್ 26ರಂದು ಓಕ್ಲೆಂಡ್‌ನಲ್ಲಿ ಕೊನೆಯ ಪಂದ್ಯ ಆಡಿ ತಂಡ ಊರು ಬಿಟ್ಟಿತು.

ಬೇರೆ ದಾರಿಯೂ ಇದೆಯೆನ್ನಿ. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಅಧ್ಯಕ್ಷರನ್ನು ಅದರ ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಜರ್ಮನಿಯ ಫುಟ್‌ಬಾಲ್ ಲೀಗಿನಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ತಂಡದ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲಿರಬೇಕು. ಅಷ್ಟು ದೂರ ಯಾಕೆ, ಪುತ್ತೂರಿನ ಚಾಕೊಲೇಟ್ ಕಾರ್ಖಾನೆಯನ್ನೇ ನೋಡಿ. ಅಡಿಕೆಗೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಕೃಷಿಕರು ಸೇರಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕಟ್ಟಿದರು. ಕೊಕ್ಕೊ ಕೇಳುವವರಿಲ್ಲದಾದಾಗ 1986ರಲ್ಲಿ ಕಾರ್ಖಾನೆಯನ್ನೇ ಮಾಡಿದರು. ಸಹಕಾರಿ ಪದ್ಧತಿಯಲ್ಲಿ ಸದಸ್ಯನಿಗೆ ಮತ ಇದೆ, ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕಿದೆ. ಅಲ್ಲಿಯೂ ಜಗಳ, ಗುಂಪುಗಾರಿಕೆ ಇರಬಹುದು. ಆದರೆ ಅರ್ಧ ಎಕರೆ ತೋಟದವನೂ ‘ನಮ್ಮದು’ ಎಂದರೆ ಅದಕ್ಕೊಂದು ಕಾಗದದ ಆಧಾರ ಇದೆ. ಇಂಥ ಕಾರ್ಖಾನೆ ಕಟ್ಟಿದ ಜನರೇ ‘ನಮ್ಮ ಟೀಮು’ ಎಂದು ಹೇಳುವಾಗ ಆ ಆಧಾರ ಅವರ ಬಳಿ ಇಲ್ಲ.

ಸುಳ್ಯದಲ್ಲಿ ನಿಮಗೆ ಇನ್ನೊಂದು ವಿಷಯ ತೋರಿಸಬೇಕು, ಅದು ಪುತ್ತೂರು, ಕಡಬದಲ್ಲೂ ಇದೆ. ದೊಡ್ಡ ಲೀಗುಗಳ ಗಾಳಿ ಹಳ್ಳಿಗೂ ಬೀಸಿದೆ. ಅಂಡರ್ ಆರ್ಮ್ ಕ್ರಿಕೆಟಿಗೂ ಈಗ ‘ಪ್ರೀಮಿಯರ್ ಲೀಗ್’. ನಾಲ್ಕು ಕಾಸು ಉಳ್ಳವರು ಒಬ್ಬೊಬ್ಬರು ಒಂದು ತಂಡದ ‘ಓನರ್’ ಆಗುತ್ತಾರೆ. ಸಭಾಭವನದಲ್ಲಿ ಹರಾಜು ನಡೆಯುತ್ತದೆ, ಹೆಚ್ಚಾಗಿ ಹಣದ ಬದಲು ಅಂಕಗಳ ಲೆಕ್ಕದಲ್ಲಿ. ಪರದೆಯ ಮೇಲೆ ಹುಡುಗನ ಫೋಟೊ ಬರುತ್ತದೆ, ನಿರೂಪಕ ಕೂಗುತ್ತಾನೆ, ಓನರ್‌ಗಳು ಕೈ ಎತ್ತುತ್ತಾರೆ. ಚೆನ್ನಾಗಿಯೇ ಇರುತ್ತದೆ, ನಗೆಯೂ ಇರುತ್ತದೆ. ಇದರಿಂದ ಪಂದ್ಯಾಟಗಳಿಗೆ ಹಣ ಬಂದದ್ದು, ಹಿಂದೆ ಬೇರೆ ಬೇರೆ ಗುಂಪಿನಲ್ಲಿದ್ದ ಹುಡುಗರು ಒಂದೇ ತಂಡದಲ್ಲಿ ಆಡುವಂತಾದದ್ದು ಸುಳ್ಳಲ್ಲ. ಆದರೆ ಯಾರೂ ಕೈ ಎತ್ತದ ಹುಡುಗನ ಫೋಟೊ ಪರದೆಯ ಮೇಲೆ ಎಷ್ಟು ಹೊತ್ತು ನಿಂತಿರುತ್ತದೆ ಎಂಬುದನ್ನು ಒಮ್ಮೆ ಕುಳಿತು ನೋಡಿ. ದೊಡ್ಡ ಹರಾಜಿನಲ್ಲಿ ಉಳಿದುಹೋದ ಆಟಗಾರ ನಮಗೆ ಬರೀ ಒಂದು ಹೆಸರು. ಇವನು ನಿಮ್ಮ ಪಕ್ಕದ ಮನೆಯವನು, ಪೇಪರ್ ಹಾಕುವವನು, ಮದ್ರಸದಲ್ಲಿ ನಿಮ್ಮ ಮಗನ ಜೊತೆ ಕಲಿತವನು. ಮರುದಿನ ಅವನ ತಾಯಿಗೆ ಬಾವಿಕಟ್ಟೆಯಲ್ಲಿ ಏನು ಹೇಳುವುದು?

ಹರಾಜಾಗದವರನ್ನು ಕೊನೆಗೆ ಚೀಟಿ ಎತ್ತಿ ತಂಡಗಳಿಗೆ ಹಂಚಿದರೆ ಯಾರೂ ಮನೆಗೆ ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಇಷ್ಟು ಸಣ್ಣ ನಿಯಮ ಸೇರಿಸಲು ದೊಡ್ಡ ಮನಸ್ಸೇನೂ ಬೇಡ. ಬೇಡಿಕೆ ಇಡುವುದೂ ಇಲ್ಲಿ ಸುಲಭ, ಫ್ಲೆಕ್ಸಿನ ಕೆಳಗೆ ನಂಬರು ಇದ್ದೇ ಇದೆ.

ಹಿಂತಿರುಗುವಾಗ ಜಾಲ್ಸೂರು, ಕನಕಮಜಲು, ಕಾವು, ಕುಂಬ್ರವಾಗಿ ಹೆದ್ದಾರಿಯಲ್ಲಿ ಪುತ್ತೂರಿಗೆ ಬನ್ನಿ. ಸಮಯವಿದ್ದರೆ ಪಂದ್ಯಾಟ ಮುಗಿದ ಒಂದೆರಡು ವಾರಕ್ಕೆ ನಡೆಯುವ ಕ್ಲಬ್ಬಿನ ಲೆಕ್ಕಪತ್ರದ ಸಭೆಯೊಂದಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಹೊರಗಿನವರೆಂದು ಯಾರೂ ಏಳಿಸುವುದಿಲ್ಲ, ಚಾ ಕೂಡ ಕೊಡುತ್ತಾರೆ. ಕೋಶಾಧಿಕಾರಿ ಬೆವರು ಒರೆಸಿಕೊಳ್ಳುತ್ತಾ ನೋಟ್‌ಬುಕ್ ಓದುತ್ತಿರುತ್ತಾನೆ. ಮ್ಯಾಟ್ ಬಾಡಿಗೆ ಇಷ್ಟು, ಜನರೇಟರ್ ಡೀಸೆಲ್ ಇಷ್ಟು, ತೀರ್ಪುಗಾರರ ಊಟ ಇಷ್ಟು. ನಡುವೆ ಒಬ್ಬರು ಎದ್ದು ನಿಲ್ಲುತ್ತಾರೆ. “ಹೋದ ವರ್ಷ ಟ್ಯೂಬ್‌ಲೈಟಿನವನಿಗೆ ಕೊಟ್ಟದ್ದಕ್ಕಿಂತ ಈ ಸಲ ಮುನ್ನೂರು ಜಾಸ್ತಿ ಉಂಟಲ್ಲ, ಅದು ಹೇಗೆ?” ಇಬ್ಬರು ಗದರುತ್ತಾರೆ, ಇಬ್ಬರು ನಗುತ್ತಾರೆ, ಅಧ್ಯಕ್ಷರು ಕೈ ಎತ್ತಿ ಸುಮ್ಮನಾಗಿಸುತ್ತಾರೆ. ಆಮೇಲೆ ಕೋಶಾಧಿಕಾರಿ ಪುಟ ಹಿಂದೆ ತಿರುಗಿಸಿ, ಬೆರಳಿಟ್ಟು ಹುಡುಕಲು ಶುರುಮಾಡುತ್ತಾನೆ.